ಅಗ್ಗದ ಕಾರಿಗೆ ಮೊದಲು ಆರ್‌ಸಿ ಕೇಳೋಣ

"ಮಗಾ, ಬರೀ ಹದಿನೆಂಟು ಸಾವಿರ ಕಣೋ. ಐದು ಜನ ಹಾಕಿದ್ರೆ ತಲೆಗೆ ಮೂರು ಸಾವಿರದ ಆರುನೂರು. ಒಂದು ಹೆಡ್‌ಫೋನ್ ದುಡ್ಡು!"

ಈ ಮಾತು ಪ್ರತಿ ವರ್ಷ ಹಾಸ್ಟೆಲಿನ ಯಾವುದಾದರೂ ಒಂದು ರೂಮಿನಲ್ಲಿ ಹುಟ್ಟುತ್ತದೆ. ಯಾರದೋ ಚಿಕ್ಕಪ್ಪನ ಮನೆ ಹಿತ್ತಲಲ್ಲಿ ವರ್ಷಗಟ್ಟಲೆ ಕೆಟ್ಟು ನಿಂತ ಒಂದು ಕಾರು ಇರುತ್ತದೆ. ಹತ್ತರಲ್ಲಿ ಎಂಟು ಸಲ ಅದು ಮಾರುತಿ 800. ಅದನ್ನು ತಂದು, ಬಿಚ್ಚಿ, ಸರಿಮಾಡಿ, ಫೇರ್‌ವೆಲ್ ದಿನ ಕ್ಯಾಂಪಸ್ ಒಳಗೆ ಓಡಿಸಿಕೊಂಡು ಬರಬೇಕು ಅನ್ನೋದು ಕನಸು. ಈ ವರ್ಷ ಆ ಚರ್ಚೆ ನಮ್ಮ ಗುಂಪಿನಲ್ಲೂ ನಡೀತಿದೆ. ಹಾಗಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ನೇರವಾಗಿ ಬರೆಯುತ್ತಿದ್ದೇವೆ. ಆಸೆ ಸರಿಯಾದದ್ದೇ. ಆದರೆ ಹೆಚ್ಚಿನ ಗುಂಪುಗಳು ಕಾರು ಕೊಳ್ಳಬಾರದು.

ಮೊದಲು ಆಸೆಯ ಪರವಾಗಿ ಎರಡು ಮಾತು. ನಾವು ಆಟೋ ಸೈಕಲ್‌ನ ಪಿ-ವಿ ಡಯಾಗ್ರಂ ಕಣ್ಣು ಮುಚ್ಚಿಕೊಂಡು ಬರೆಯುತ್ತೇವೆ. ಆದರೆ ಒಂದು ಹೆಡ್ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಯಾವ ಕ್ರಮದಲ್ಲಿ ಬಿಗಿ ಮಾಡಬೇಕು ಅಂತ ಕೈಗೆ ಗೊತ್ತಿಲ್ಲ. ಲ್ಯಾಬಿನಲ್ಲಿ ಇರುವುದು ಅರ್ಧ ಕತ್ತರಿಸಿ, ಕೆಂಪು ನೀಲಿ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್. ಅದು ಕೆಡುವುದಿಲ್ಲ, ಅದಕ್ಕೇ ಅದು ಏನನ್ನೂ ಕಲಿಸುವುದಿಲ್ಲ. ತುಕ್ಕು ಹಿಡಿದ ನಟ್ಟು ಬಿಚ್ಚುವಾಗ ಮೂಲೆ ಸವೆದು ಸ್ಪ್ಯಾನರ್ ಜಾರಿದಾಗ ಕಲಿಯೋದೇ ಬೇರೆ.

800ರಂಥ ಕಾರು ಇದಕ್ಕೆ ಹೇಳಿ ಮಾಡಿಸಿದ್ದು ಅನ್ನುವುದೂ ನಿಜ. 1983ರ ಡಿಸೆಂಬರ್‌ನಲ್ಲಿ ಬಂದ ಹೆಸರು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂವತ್ತು ವರ್ಷ ಬಂದ ಗಾಡಿ ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿದರೆ ಸಾಮಾನು ಸಿಗುತ್ತದೆ. ಕೈಯಾಡಿಸಿದ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇದ್ದಾರೆ. ಎಂಜಿನ್ ಚಿಕ್ಕದು, ಮೂರೇ ಸಿಲಿಂಡರ್. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ವರ್ನಿಯರ್ ಹಿಡಿದು ನೀವೇ ಅಳೆದು ಗುಣಿಸಿ, 796 ಸಿಸಿ ಬರುತ್ತದೆ. ಪುಸ್ತಕದ ಸೂತ್ರ ಕೈಯಲ್ಲಿ ಹಿಡಿದ ಕಬ್ಬಿಣಕ್ಕೆ ಸರಿಹೋಗುವ ಆ ಖುಷಿಗೆ ಬೆಲೆ ಕಟ್ಟೋಕಾಗಲ್ಲ.

ಹಾಗಾದರೆ ತಕರಾರು ಏನು? ತಕರಾರು ಎಂಜಿನ್ ಬಗ್ಗೆ ಅಲ್ಲವೇ ಅಲ್ಲ. ನಮ್ಮ ರೂಮಿನ ಚರ್ಚೆಗಳಲ್ಲಿ ತೊಂಬತ್ತು ಭಾಗ ಎಂಜಿನ್ ಬಗ್ಗೆಯೇ ಇರುತ್ತದೆ: ಜಾಮ್ ಆಗಿದೆಯಾ, ಕಂಪ್ರೆಷನ್ ಇದೆಯಾ, ರಿಂಗ್ ಹೋಗಿದೆಯಾ. ನಿಜ ಹೇಳಬೇಕೆಂದರೆ ಇಡೀ ಕಾರಿನಲ್ಲಿ ಸುಲಭವಾಗಿ ಸರಿಹೋಗುವ ಭಾಗ ಅದು. ಪ್ರಾಜೆಕ್ಟ್ ಸಾಯುವುದು ಮೂರು ಬೇರೆ ಕಡೆ: ಕಾಗದ, ಬಾಡಿ, ಜನ.

ಕಾಗದದಿಂದ ಶುರುಮಾಡೋಣ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ಜೊತೆಗೆ, ತಡಮಾಡಿದ ಪ್ರತಿ ತಿಂಗಳಿಗೂ 500 ರೂಪಾಯಿ ಹೆಚ್ಚುವರಿ ಶುಲ್ಕ ಅಂತ ಅದೇ ನಿಯಮ ಹೇಳುತ್ತದೆ. ಹಿತ್ತಲಲ್ಲಿ ನಿಂತ ಕಾರಿನ ಆರ್‌ಸಿ ಮೂರು ವರ್ಷದ ಹಿಂದೆ ಮುಗಿದಿದೆ ಅಂದುಕೊಳ್ಳಿ. 36 ತಿಂಗಳು, ತಿಂಗಳಿಗೆ 500. ಒಟ್ಟು 18,000. ಕಾರಿನ ಬೆಲೆ ಎಷ್ಟಿತ್ತು? ಅದೇ ಹದಿನೆಂಟು ಸಾವಿರ. ಒಂದು ಸ್ಕ್ರೂ ಬಿಚ್ಚುವ ಮೊದಲೇ ಬೆಲೆ ಎರಡರಷ್ಟಾಯಿತು.

ಇನ್ನೂ ಒಂದು ಗಂಟು ಇದೆ. ನವೀಕರಣಕ್ಕೆ ಕಾರನ್ನು ಆರ್‌ಟಿಒ ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು, ಅದು ರಸ್ತೆಗೆ ಇಳಿಯುವ ಸ್ಥಿತಿಯಲ್ಲಿ ಇರಬೇಕು. ಅಂದರೆ ಎಲ್ಲಾ ಖರ್ಚು ಮುಗಿಸಿದ ಮೇಲಷ್ಟೇ ಕಾಗದ ಆಗುತ್ತದೋ ಇಲ್ಲವೋ ಗೊತ್ತಾಗುವುದು. ಅಲ್ಲಿಯವರೆಗೂ ತಿಂಗಳ ಶುಲ್ಕದ ಮೀಟರ್ ಓಡುತ್ತಲೇ ಇರುತ್ತದೆ. ನಾವು ಸೆಮಿಸ್ಟರ್ ರಜೆಗೆ ಊರಿಗೆ ಹೋದರೂ ಅದು ರಜೆ ತೆಗೆದುಕೊಳ್ಳುವುದಿಲ್ಲ. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಬ್ಯಾಂಕಿನ ಸಹಿ ಇರುವ ಫಾರಂ 35 ಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಕಾಗದ ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ. ಇದರಲ್ಲಿ ಯಾವುದನ್ನೂ ಸ್ಪ್ಯಾನರ್‌ನಿಂದ ಬಿಚ್ಚೋಕಾಗಲ್ಲ.

ಆಮೇಲೆ ಬಾಡಿ. 800ಕ್ಕೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಅದಕ್ಕೇ ತುಕ್ಕು ಅನ್ನೋದು ಇಲ್ಲಿ ಬಣ್ಣದ ಸಮಸ್ಯೆ ಅಲ್ಲ, ಸ್ಟ್ರಕ್ಚರ್‌ನ ಸಮಸ್ಯೆ. ಬಾನೆಟ್ ತೆಗೆದು ಮುಂದಿನ ಸಸ್ಪೆನ್ಷನ್ ಮೇಲ್ತುದಿ ಬಾಡಿಗೆ ಕೂರುವ ಜಾಗ ನೋಡಿ. ಕಾಲಿಡುವ ಮ್ಯಾಟ್ ಎತ್ತಿ ನೆಲ ನೋಡಿ. ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಒಳಗೆ ಹೋದರೆ ಮುಗೀತು. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇರಲಿ. ಬಣ್ಣ ಹೊಳೆಯುವ ಕಡೆ ಅದು ಅಂಟದೇ ಇದ್ದರೆ ಅಡಿಯಲ್ಲಿ ಇರುವುದು ತಗಡಲ್ಲ, ಪುಟ್ಟಿ. ಕರಾವಳಿ ಕಡೆಯಿಂದ ಬಂದ ಗಾಡಿಯಾದರೆ ಉಪ್ಪುಗಾಳಿ ತಿಂದಿರುತ್ತದೆ, ಎರಡೆರಡು ಸಲ ನೋಡಿ. ಎಂಜಿನ್ ಕೆಟ್ಟಿದ್ದರೂ ಬಾಡಿ ಗಟ್ಟಿ ಇರುವ ಕಾರು ಒಳ್ಳೆಯ ಪ್ರಾಜೆಕ್ಟ್. ಎಂಜಿನ್ ಚೆನ್ನಾಗಿದ್ದು ಬಾಡಿ ಕೊಳೆತ ಕಾರು ಪ್ರಾಜೆಕ್ಟೇ ಅಲ್ಲ.

ನಿಂತ ಕಾರಿಗೆ ಅದರದ್ದೇ ರೋಗಗಳೂ ಇವೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಜೆಟ್ ಅಥವಾ ಇಂಜೆಕ್ಟರ್ ಕಟ್ಟಿಸುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1215 ಅಂತಿದ್ದರೆ 2015ರ ಹನ್ನೆರಡನೇ ವಾರ ಅಂತ ಅರ್ಥ. ಗುಂಡಿ ಚೆನ್ನಾಗಿದ್ದರೂ ಆ ಟೈರ್ ನಂಬಬಾರದು. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರ್ ಪೈಪ್, ಸೀಲ್‌ಗಳನ್ನು ಇದಕ್ಕಾಗಿ ಮಾಡಿರಲಿಲ್ಲ. ಇವೆಲ್ಲ ರಿಪೇರಿ ಆಗುವಂಥದ್ದೇ. ಆದರೆ "ಬ್ಯಾಟರಿ ಹಾಕಿದ್ರೆ ಸ್ಟಾರ್ಟ್ ಆಗುತ್ತೆ" ಅನ್ನುವ ಮಾತಿನ ಬೆಲೆ ಎಷ್ಟು ಅನ್ನೋದು ತಿಳಿದಿರಲಿ.

ಮೂರನೆಯದು ಜನ. ಇದರ ಬಗ್ಗೆ ಯಾರೂ ಮಾತಾಡಲ್ಲ, ಹೆಚ್ಚು ನೋವು ಇರುವುದೂ ಇಲ್ಲೇ. ಐದು ಜನ ದುಡ್ಡು ಹಾಕಿದರೂ ಆರ್‌ಸಿಯಲ್ಲಿ ಬರೆಯುವುದು ಒಂದೇ ಹೆಸರು. ಯಾರದ್ದು? "ಚಿಕ್ಕಪ್ಪನ ಕಾರೇ ತಾನೇ, ಅವರ ಹೆಸರಲ್ಲೇ ಇರಲಿ ಬಿಡು" ಅನ್ನುವವರಿದ್ದಾರೆ. 2018ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮಾರಿ ಕೈ ತೊಳೆದುಕೊಂಡಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಅಂದರೆ ನಮ್ಮಲ್ಲಿ ಒಬ್ಬ ಇನ್ಶೂರೆನ್ಸ್ ಇಲ್ಲದ ಕಾರನ್ನು "ಒಂದೇ ಒಂದು ರೌಂಡ್" ಅಂತ ಗೇಟಿನ ಹೊರಗೆ ತೆಗೆದುಕೊಂಡು ಹೋಗಿ ಯಾರಿಗಾದರೂ ಗುದ್ದಿದರೆ, ಪರಿಹಾರದ ನೋಟಿಸ್ ಹೋಗುವುದು ಊರಿನಲ್ಲಿರುವ ಆ ಚಿಕ್ಕಪ್ಪನಿಗೆ. ಕೆಟ್ಟ ಕಾರನ್ನು ಪ್ರೀತಿಯಿಂದ ಬಿಟ್ಟುಕೊಟ್ಟವರಿಗೆ ನಾವು ಕೊಡುವ ಉಡುಗೊರೆ ಇದಾಗಬಾರದು.

ಕ್ಯಾಲೆಂಡರ್ ಕೂಡ ಜನರ ಲೆಕ್ಕಕ್ಕೇ ಸೇರುತ್ತದೆ. ಮೊದಲ ಎರಡು ಭಾನುವಾರ ಐದೂ ಜನ ಇರುತ್ತಾರೆ, ಸ್ಟೋರಿ ಹಾಕುತ್ತಾರೆ. ಇಂಟರ್ನಲ್ಸ್ ಬಂದಾಗ ಮೂವರು. ಪ್ಲೇಸ್‌ಮೆಂಟ್ ಶುರುವಾದಾಗ ಒಬ್ಬ. ಆ ಒಬ್ಬನ ಹೆಸರಿನಲ್ಲೇ ಆರ್‌ಸಿ ಇರುತ್ತದೆ, ಪಾರ್ಕಿಂಗ್ ಬಗ್ಗೆ ವಾರ್ಡನ್ ಕೇಳುವುದೂ ಅವನನ್ನೇ. ಬಿಚ್ಚಿದ ಗೇರ್‌ಬಾಕ್ಸ್ ಡಿಕ್ಕಿಯಲ್ಲಿ, ನಟ್ಟು ಬೋಲ್ಟು ಬಿಸ್ಕತ್ ಡಬ್ಬದಲ್ಲಿ, ಯಾವ ನಟ್ಟು ಎಲ್ಲಿಯದು ಅಂತ ಗೊತ್ತಿದ್ದವನು ಪುಣೆಯಲ್ಲಿ. ಇಲ್ಲಿ ಹಾಳಾಗುವುದು ಬರೀ ಮೂರು ಸಾವಿರದ ಆರುನೂರು ಅಲ್ಲ. ಆ ದುಡ್ಡು ಮನೆಯಿಂದ ಬಂದದ್ದು, ಆ ಸ್ನೇಹ ನಾಲ್ಕು ವರ್ಷದ್ದು.

"ಹೀಗೆಲ್ಲಾ ಲೆಕ್ಕ ಹಾಕ್ತಾ ಕೂತ್ರೆ ಯಾವುದೂ ಆಗಲ್ಲ ಗುರು, ಧುಮುಕಬೇಕು" ಅಂತ ಹೇಳುವವರಿಗೆ ನಮ್ಮ ಉತ್ತರ ಇಷ್ಟೇ: ಧುಮುಕುವ ಮೊದಲು ಆಳ ಅಳೆಯುವುದಕ್ಕೇ ಎಂಜಿನಿಯರಿಂಗ್ ಅನ್ನೋದು. ಲೆಕ್ಕ ಹಾಕದೆ ಕೊಳ್ಳುವುದಕ್ಕೆ ನಾಲ್ಕು ವರ್ಷ ಓದಬೇಕಾಗಿಲ್ಲ.

ಹಾಗಾದರೆ ಏನು ಮಾಡೋಣ? ನಮಗೆ ಬೇಕಾಗಿರುವುದು ಏನು ಅಂತ ಮೊದಲು ಕೇಳಿಕೊಳ್ಳೋಣ. ಬೇಕಿರುವುದು ಕಲಿಕೆಯಾದರೆ ಇಡೀ ಕಾರು ಬೇಕಾಗಿಲ್ಲ, ಎಂಜಿನ್ ಒಂದೇ ಸಾಕು. ಗುಜರಿಯಿಂದ ಒಂದು 800 ಎಂಜಿನ್ ತನ್ನಿ. ಎಂಜಿನ್ ನಂಬರ್ ಬರೆಸಿದ ಬಿಲ್ ಇಲ್ಲದೆ ಮಾತ್ರ ತರಬೇಡಿ, ಕದ್ದ ಮಾಲಿನ ತಲೆನೋವು ನಮಗೆ ಬೇಡ. ವರ್ಕ್‌ಶಾಪಿನಲ್ಲಿ ಆ್ಯಂಗಲ್ ವೆಲ್ಡ್ ಮಾಡಿ ಸ್ಟ್ಯಾಂಡ್ ಕಟ್ಟಿ, ರೇಡಿಯೇಟರ್ ಕೂರಿಸಿ, ವಿಭಾಗದ ಅನುಮತಿ ಪಡೆದು, ಹೊಗೆ ಹೊರಹೋಗುವ ಬಯಲಲ್ಲಿ ಓಡಿಸಿ. ಸ್ಟ್ಯಾಂಡ್ ಮೇಲಿನ ಎಂಜಿನ್‌ಗೆ ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ತಿಂಗಳ ಶುಲ್ಕ ಇಲ್ಲ. ಎಂಪಿಎಫ್‌ಐ ಎಂಜಿನ್ ಸಿಕ್ಕರೆ ಇ ಆ್ಯಂಡ್ ಸಿ ಗೆಳೆಯರೂ ಬರುತ್ತಾರೆ, ಸೆನ್ಸರ್‌ಗಳಿಂದ ಡೇಟಾ ತೆಗೆಯುವುದೇ ಅವರಿಗೊಂದು ಪ್ರಾಜೆಕ್ಟ್. ನಾವು ಹೋದ ಮೇಲೂ ಅದು ಜೂನಿಯರ್‌ಗಳಿಗೆ ಉಳಿಯುತ್ತದೆ. ಅವರು ಮತ್ತೆ ಬಿಚ್ಚಲಿ, ಮತ್ತೆ ಜೋಡಿಸಲಿ.

ಬೇಕಿರುವುದು ಓಡಿಸುವ ಕಾರೇ ಆದರೆ ನಾಲ್ಕು ಷರತ್ತು. ಆರ್‌ಸಿ ಚಾಲ್ತಿಯಲ್ಲಿರಬೇಕು, ಅಥವಾ ಬಾಕಿ ಎಷ್ಟು ಅಂತ ಆರ್‌ಟಿಒದಲ್ಲೇ ಕೇಳಿ ತಿಳಿದಿರಬೇಕು. ಬಾಡಿ ಗಟ್ಟಿ ಇರಬೇಕು. ಕೊಳ್ಳುವ ಬೆಲೆಯ ಎರಡರಷ್ಟು ದುಡ್ಡು ರಿಪೇರಿಗೆ ಅಂತ ಬೇರೆ ಇಟ್ಟಿರಬೇಕು. ಯಾರ ಹೆಸರು, ಯಾರ ಪಾಲು, ಯಾವ ತಾರೀಖಿಗೆ ಮುಗಿಯದಿದ್ದರೆ ಮಾರುವುದು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿರಬೇಕು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕೈಬಿಡಿ. ಕೊಂಡವರಿಗೆ ಒಂದೇ ವಿನಂತಿ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ, ಸ್ಟ್ಯಾಂಡ್ ಕೊಟ್ಟೇ ಮಲಗಿ.

ನಮ್ಮ ಗುಂಪಿನ ಮಟ್ಟಿಗೆ ಹೇಳುವುದಾದರೆ, ಹಿತ್ತಲಿನ ಕಾರಿನ ಆರ್‌ಸಿ ಮುಗಿದಿದೆ, ನಮ್ಮ ಕೈಯಲ್ಲಿ ಉಳಿದಿರುವುದು ಒಂದು ಸೆಮಿಸ್ಟರ್. ಹಾಗಾಗಿ ನಮ್ಮ ಓಟು ಎಂಜಿನ್‌ಗೆ. ವಿಭಾಗಕ್ಕೆ ಕೊಡುವ ಅರ್ಜಿ ಸಿದ್ಧವಾಗಿದೆ. ಗ್ರೀಸಿಗೆ ಹೆದರದ ಎರಡನೇ ವರ್ಷದ ನಾಲ್ಕು ಜನ ಬೇಕು, ಯಾವ ಬ್ರಾಂಚ್ ಆದರೂ ಸರಿ.