ತಂಪು ಹೆಚ್ಚಿದಷ್ಟೂ ಒಳಿತೇ?

ಸ್ಪೋರ್ಟ್ಸ್ ಕಾರಿಗೆ ಆಯಿಲ್ ಕೂಲರನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸುವವರು ಸಾಮಾನ್ಯವಾಗಿ ಅತಿ ದೊಡ್ಡದನ್ನೇ ಬಯಸುವರು. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಉಷ್ಣತೆ ಏರಿದಂತೆ ಕೀಲೆಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. ಅತಿಯಾಗಿ ಕಾದ ಎಣ್ಣೆ ತೆಳುವಾಗಿ, ಬೇರಿಂಗುಗಳಲ್ಲಿ ಅದರ ಪೊರೆ ಹರಿದು, ಲೋಹವು ಲೋಹವನ್ನೇ ಉಜ್ಜಿ ಎಂಜಿನ್ ಕೆಡುತ್ತದೆ. ಅತಿಯಾಗಿ ತಣಿದರೋ, ಮಂದವಾದ ಎಣ್ಣೆಯನ್ನು ತಳ್ಳುವುದರಲ್ಲೇ ಶಕ್ತಿ ವ್ಯರ್ಥ. ಪೆಟ್ರೋಲು ಉರಿದಾಗ ಹುಟ್ಟಿ ಎಣ್ಣೆಗೆ ಸೇರಿದ ನೀರೂ ಆವಿಯಾಗಿ ಹೋಗದೆ ಉಳಿಯುತ್ತದೆ. ಸುಮಾರು 90ರಿಂದ 120 ಡಿಗ್ರಿ ಸೆಂಟಿಗ್ರೇಡ್ ಸಾಮಾನ್ಯವಾಗಿ ಹಿತವಾದ ಮಿತಿ.

ಆದುದರಿಂದ ಕಾರನ್ನು ದೀರ್ಘಕಾಲ ವೇಗವಾಗಿ ಓಡಿಸಿದಾಗ ಎಣ್ಣೆ ಎಷ್ಟು ಕಾಯುವುದೆಂದು ಮೊದಲು ಅಳೆಯಬೇಕು. ಮಿತಿ ಮೀರದಿದ್ದರೆ ಕೂಲರೇ ಬೇಡ. ಮೀರಿದರೆ, ಎಣ್ಣೆ ಸಾಕಷ್ಟು ಕಾಯುವವರೆಗೆ ಕೂಲರಿನ ದಾರಿಯನ್ನು ಬಹುಪಾಲು ಮುಚ್ಚಿಡುವ ಥರ್ಮೋಸ್ಟಾಟನ್ನೂ ಜೊತೆಗೆ ಕೊಳ್ಳಬೇಕು. ಗಾತ್ರದಷ್ಟೇ ಸ್ಥಳವೂ ಮುಖ್ಯ. 1969ರ ಪೋರ್ಷೆ 911 ಎಸ್ ಕಾರಿನ ಎಂಜಿನ್ ಹಿಂಭಾಗದಲ್ಲಿದ್ದರೂ ಹೆಚ್ಚುವರಿ ಕೂಲರನ್ನು ಮುಂಭಾಗದ ಮಡ್‌ಗಾರ್ಡಿನೊಳಗೆ ಇರಿಸಿದ್ದರು. ಗಾಳಿ ತಾಕದ ಕೂಲರು ತನ್ನ ಶಾಖವನ್ನು ಯಾರಿಗೆ ಒಪ್ಪಿಸೀತು?

ವಿದ್ಯಾರ್ಥಿಮಿತ್ರರೇ, ಥರ್ಮಾಮೀಟರು ಹೇಳುವುದನ್ನು ಕೇಳಿದ ಬಳಿಕವೇ ಅಂಗಡಿಯವನು ಹೇಳುವುದನ್ನು ಕೇಳಿರಿ.