ಯಾರನ್ನು ನೋಡಿ ನಗುತ್ತಿದ್ದೇವೆ?

ನವೆಂಬರ್ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಟಿಪ್ಪು ಸುಲ್ತಾನನ ಮೀಮ್‌ಗಳು ಶುರು. ಒಂದರಲ್ಲಿ ಹುಲಿ, ಇನ್ನೊಂದರಲ್ಲಿ ರಾಕ್ಷಸ. ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1791ರಲ್ಲೇ ಲಂಡನ್ನಿನ ‘ಮೀಮ್’ ಆಗಿದ್ದ ಎಂಬುದು ಎಷ್ಟು ಜನರಿಗೆ ಗೊತ್ತು?

ಆ ವರ್ಷ ಬೆಂಗಳೂರು ಕೋಟೆ ಗೆದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೂ ಹೋದ. ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ಸತ್ತವು. ಮೇ ತಿಂಗಳಲ್ಲಿ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಡಿಸೆಂಬರಿನಲ್ಲಿ ಜೇಮ್ಸ್ ಗಿಲ್‌ರೇ ಬರೆದ ವ್ಯಂಗ್ಯಚಿತ್ರ ಲಂಡನ್ನಿನಲ್ಲಿ ಅಚ್ಚಾಯಿತು. ಕೋಟೆಯ ಮೇಲೆ ನಿಂತ ಟಿಪ್ಪು ಉಚ್ಚೆ ಹೊಯ್ಯುತ್ತಿದ್ದಾನೆ, ಅದೇ ‘ಮುಂಗಾರು’! ಕೆಳಗೆ ಕತ್ತೆಯೇರಿದ ಕಾರ್ನ್‌ವಾಲಿಸ್ ಓಡುತ್ತಿದ್ದಾನೆ. ಯುದ್ಧ ನಡೆಯುತ್ತಿರುವಾಗಲೇ ತನ್ನ ದೇಶದ ಗವರ್ನರ್ ಜನರಲ್‌ನನ್ನು ಗೇಲಿ ಮಾಡುವ ಧೈರ್ಯ ಅದು.

1798ರಲ್ಲಿ ಐರ್ಲೆಂಡ್ ಬ್ರಿಟಿಷರ ವಿರುದ್ಧ ಬಂಡೆದ್ದಿತು. ಟಿಪ್ಪುವಿನಂತೆ ಐರಿಷರೂ ಫ್ರೆಂಚರ ನೆರವು ನಂಬಿದ್ದರು. ದಂಗೆ ಅಡಗಿಸಲು ಹೋದವನೂ ಇದೇ ಕಾರ್ನ್‌ವಾಲಿಸ್. ಆದರೆ ಗಿಲ್‌ರೇ ಈ ಸಲ ಗೇಲಿ ಮಾಡಿದ್ದು ಬಂಡಾಯಗಾರರನ್ನು. ವಿಕಾರ ಮುಖ, ಹರಕು ಬಟ್ಟೆ, ಮನೆ ದೋಚುವ ಪುಂಡರು. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕಿರಲಿಲ್ಲ, ಪ್ರಾಟೆಸ್ಟೆಂಟರೂ ಅವರೊಂದಿಗೆ ಸೇರಿ ‘ಯುನೈಟೆಡ್ ಐರಿಷ್‌ಮೆನ್’ ಸಂಘ ಕಟ್ಟಿದ್ದರು ಎಂಬುದರ ಸುಳಿವೂ ಆ ಚಿತ್ರಗಳಲ್ಲಿಲ್ಲ. ದಂಗೆಯಲ್ಲಿ ಹಿಂಸೆ ನಡೆದದ್ದು ನಿಜ, ಎರಡೂ ಕಡೆಯಿಂದ. ಚಿತ್ರದಲ್ಲಿ ಕಾಣುವುದು ಒಂದೇ ಕಡೆಯದು.

‘ತಮಾಷೆಗೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?’ ಎನ್ನಬಹುದು. ಒಂದು ಚಿತ್ರದಲ್ಲಿ ಇಡೀ ಇತಿಹಾಸ ಹಿಡಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಅಧಿಕಾರದಲ್ಲಿರುವವನನ್ನು ನೋಡಿ ನಕ್ಕರೆ ಅವನು ಉತ್ತರ ಕೊಡಬೇಕಾಗುತ್ತದೆ. ಒಂದು ಜನಾಂಗವನ್ನೇ ವಿಕಾರ ಮಾಡಿ ನಕ್ಕರೆ ಅವರ ಮಾತು ಕೇಳುವ ಅಗತ್ಯವೇ ಇಲ್ಲ ಅನ್ನಿಸಿಬಿಡುತ್ತದೆ. ಎರಡನ್ನೂ ಬರೆದದ್ದು ಒಂದೇ ಕೈ. ಹಾಗಾಗಿ ಕಲಾವಿದ ಜಾಣನೇ ಎಂಬುದಕ್ಕಿಂತ, ಅವನ ಗುರಿ ಯಾರು ಎಂಬುದು ಮುಖ್ಯ.

ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಲಿ, ವಾದವೂ ನಡೆಯಲಿ. ಅವನ ಹೆಸರಿನ ಮೀಮ್ ಇಂದು ಪಕ್ಕದ ಬೆಂಚಿನ ಗೆಳೆಯನನ್ನು ಚುಚ್ಚುತ್ತಿದ್ದರೆ ಅದು ಇತಿಹಾಸವೂ ಅಲ್ಲ, ವಿಡಂಬನೆಯೂ ಅಲ್ಲ. ಮೀಮ್ ಮಾಡೋಣ, ಧಾರಾಳವಾಗಿ ಮಾಡೋಣ. ಕತ್ತೆಯ ಮೇಲೆ ಕೂರಿಸಲು ನಮ್ಮ ಕಾಲದ ಕಾರ್ನ್‌ವಾಲಿಸರಿಗೇನು ಬರವಿಲ್ಲ.