ಉಳಿದ ಕೋಳಿ, ಉಳಿದ ಅನ್ನ: ತೀರ್ಮಾನ ರಾತ್ರಿಯೇ ಆಗಲಿ

ಕೋಳಿ ಸಾಕುವುದು ಹೇಗೆ, ಯಾವ ತಳಿ ನಮ್ಮ ಹಿತ್ತಲಿಗೆ ಹೊಂದುತ್ತದೆ, ಕೊಕ್ಕರೆ ರೋಗಕ್ಕೆ ಲಸಿಕೆ ಯಾವಾಗ ಹಾಕಿಸಬೇಕು ಎಂಬುದನ್ನೆಲ್ಲ ಕೃಷಿ ಪತ್ರಿಕೆಗಳು ರೈತ ಬಾಂಧವರಿಗೆ ಬಹಳ ಕಾಲದಿಂದ ತಿಳಿಸುತ್ತ ಬಂದಿವೆ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ಕೋಳಿಯ ಹೆಸರು ಕೇಳದ ರೈತರು ನಮ್ಮ ಭಾಗದಲ್ಲಿ ಇರಲಾರರು. ಆದರೆ ಅದೇ ಕೋಳಿ ಒಲೆ ಏರಿ ಇಳಿದ ಮೇಲೆ, ಅರ್ಧ ತಿಂದು ಅರ್ಧ ಉಳಿದಾಗ, ಅದರ ಗತಿ ಏನು ಎಂದು ಬರೆಯುವವರು ಕಡಿಮೆ. ಇದು ಅಡುಗೆಮನೆಯ ಸಣ್ಣ ವಿಚಾರವೆಂದು ಗಂಡಸರು ಹಾಳೆ ತಿರುವಿ ಹಾಕಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಕಾರಣ ಮುಂದೆ ಗೊತ್ತಾಗುತ್ತದೆ.

ನಾನು ಹೇಳುತ್ತಿರುವುದು ಬೆಂಗಳೂರಿನ ಅಂಚಿನ ಊರುಗಳ ಮಾತು. ಪೀಣ್ಯದ ಕಡೆ ಕಾರ್ಖಾನೆಗಳು ಬಂದವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆ ಪಡೆದು ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಎದ್ದವು. ರಾಗಿ ಹೊಲ ಹೋಯಿತು. ಆದರೆ ರಾಗಿ ಹೊಲದವರು ಅಲ್ಲೇ ಇದ್ದಾರೆ. ಮುಂದೆ ಬಾಡಿಗೆ ಮನೆಗಳ ಸಾಲು, ಹಿಂದೆ ಎರಡು ಸೀಮೆಹಸು, ಹತ್ತು ಕೋಳಿ. ಮಗ ಕಾರ್ಖಾನೆಯ ಪಾಳಿ ಮುಗಿಸಿ ಬರುವಾಗ ದಾರಿಯ ಅಂಗಡಿಯಲ್ಲಿ ಕಂಬಿಗೆ ಚುಚ್ಚಿ ಸುಡುತ್ತಿರುವ ಗ್ರಿಲ್ ಕೋಳಿ ಒಂದನ್ನು ಕಟ್ಟಿಸಿಕೊಂಡು ಬರುತ್ತಾನೆ. ಮನೆಯಲ್ಲಿ ಅಷ್ಟರಲ್ಲಿ ಅನ್ನ ಸಾರು ಆಗಿರುತ್ತದೆ. ಎರಡೂ ಉಳಿಯುತ್ತವೆ.

ಹಿಂದೆ ಹೀಗೆ ಉಳಿಯುತ್ತಿರಲಿಲ್ಲ. ನಮ್ಮ ಕಡೆ ದಿನದ ಊಟ ಮುದ್ದೆ, ಹಬ್ಬದ ಊಟ ಅನ್ನ. ಕೋಳಿ ಕೊಯ್ಯುವುದು ನೆಂಟರು ಬಂದಾಗ. ಕೊಯ್ದರೆ ಕಾಲಿನ ಉಗುರಿನವರೆಗೂ ಸಾರಿಗೇ ಹೋಗುತ್ತಿತ್ತು. ಉಳಿದ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಈಗ ಅಕ್ಕಿ ಸುಲಭವಾಗಿದೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲಂತೂ ಬಡವರ ಮನೆಯಲ್ಲೂ ಅನ್ನದ ತಪ್ಪಲೆ ದೊಡ್ಡದಾಗಿದೆ. ಒಳ್ಳೆಯದೇ. ಆದರೆ ಅನ್ನ ಮುದ್ದೆಯಂತಲ್ಲ ಎಂಬುದನ್ನು ನಾವು ಇನ್ನೂ ಕಲಿತಿಲ್ಲ.

ನಾನೇ ಕಲಿತದ್ದು ಪೆಟ್ಟು ತಿಂದು. ಒಂದು ವರ್ಷ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಮನೆಯಲ್ಲಿ ಇಪ್ಪತ್ತು ಜನರಿಗೆಂದು ಅಡುಗೆ ಮಾಡಿ ಹದಿಮೂರು ಜನ ಬಂದರು. ರಾತ್ರಿ ಹತ್ತಕ್ಕೆ ನಮ್ಮ ಅತ್ತೆಯವರು, “ಅನ್ನ ಚೆಲ್ಲಬಾರದು ಕಣಮ್ಮ, ದೇವರಿದ್ದಂಗೆ” ಎಂದರು. ನಾನೂ ಒಪ್ಪಿದೆ. ಬಿಸಿ ಅನ್ನದ ದೊಡ್ಡ ತಪ್ಪಲೆಗೆ ಮುಚ್ಚಳ ಹಾಕಿ, ಕೋಳಿಯ ಪಾತ್ರೆಯನ್ನು ಪಕ್ಕದಲ್ಲಿಟ್ಟು, ಮಲಗಿಬಿಟ್ಟೆ. ಬೇಸಗೆಯ ರಾತ್ರಿ. ಬೆಳಗ್ಗೆ ವಾಸನೆ ನೋಡಿದೆ, ಏನೂ ಕೆಟ್ಟಿರಲಿಲ್ಲ. ಕುದಿಸಿ ಗಂಜಿಯಂತೆ ಮಾಡಿ ಮಕ್ಕಳಿಗೆ ಬಡಿಸಿದೆ. ಎರಡು ಗಂಟೆಯೊಳಗೆ ಮೂರು ಮಕ್ಕಳಿಗೆ ವಾಂತಿ ಹಿಡಿಯಿತು. ಚಿಕ್ಕವನಿಗೆ ಗ್ಲೂಕೋಸ್ ಹಾಕಿಸಬೇಕಾಯಿತು. ಕುದಿಸಿದ್ದೆನಲ್ಲ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಕುದಿಸಿದರೆ ಸಾಲದು ಎಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುಜೀವಿಯ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಹೊಲದ ಮಣ್ಣಿನಿಂದ ಬಂದವು. ಅನ್ನ ಬೇಯುವಾಗ ಈ ಬೀಜಕಣಗಳು ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುತ್ತ ಬೆಚ್ಚಗೆ ಕುಳಿತಾಗ, ಬಿತ್ತಿದ ಬೀಜಕ್ಕೆ ಹದ ಸಿಕ್ಕಂತೆ, ಅವು ಮೊಳೆತು ಲಕ್ಷಗಟ್ಟಲೆಯಾಗಿ ಒಂದು ಬಗೆಯ ವಿಷವನ್ನು ಬಿಡುತ್ತವೆ. ವಾಂತಿ ತರುವ ಈ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಮಾಂಸದ ಸಾರು ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರಿದರೂ ಇದೇ ಬಗೆಯ ಬೇರೆ ಜೀವಿಗಳು ಬೆಳೆಯುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡ್ ನಡುವಿನ ಶಾಖ ಇವುಗಳಿಗೆ ಹಿತ. ಆದ್ದರಿಂದ ಬೆಂದ ಆಹಾರ ಈ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕಡು ಬೇಸಗೆಯಲ್ಲಿ ಒಂದೇ ಗಂಟೆ. ಅಂಗಡಿಯ ಕೋಳಿಯಾದರೆ ಈ ಗಂಟೆಯ ಲೆಕ್ಕ ಶುರುವಾಗುವುದು ನಮ್ಮ ಮನೆಯಲ್ಲಲ್ಲ, ಕಂಬಿಯಿಂದ ಇಳಿಸಿದ ಕ್ಷಣದಲ್ಲಿ.

ಹಾಗಾದರೆ ಹಿರಿಯರು ತಂಗಳನ್ನ ತಿಂದು ಬದುಕಿದ್ದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆರಿದ ಅನ್ನಕ್ಕೆ ನೀರು ಹೊಯ್ದು, ಮಜ್ಜಿಗೆ ಬೆರೆಸಿ ಇಟ್ಟಾಗ ಅದು ಹುಳಿಯುತ್ತದೆ. ಆ ಹುಳಿ ಅನೇಕ ಕೆಟ್ಟ ಜೀವಿಗಳನ್ನು ಬೆಳೆಯಲು ಬಿಡುವುದಿಲ್ಲ. ಹುಳಿಯಿಲ್ಲದ ಬಿಸಿ ಅನ್ನವನ್ನು ಮುಚ್ಚಿಡುವುದು ಅದಲ್ಲ. ಹಿರಿಯರ ಹೆಸರು ಹೇಳಿ ಅವರು ಮಾಡದೆ ಇದ್ದ ಕೆಲಸವನ್ನು ನಾವು ಮಾಡುತ್ತಿದ್ದೇವೆ.

ಹಾಗೆಂದು ಉಳಿದದ್ದನ್ನೆಲ್ಲ ತಿಪ್ಪೆಗೆ ಹಾಕಿ ಎಂದು ನಾನು ಹೇಳುವವಳಲ್ಲ. ಬೆಂದ ಕೋಳಿಯ 100 ಗ್ರಾಂ ಮಾಂಸದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಅಷ್ಟೇ ತೂಕದ ಅನ್ನದಲ್ಲಿ 3 ಗ್ರಾಂ ಕೂಡ ಇಲ್ಲ. ಮೂಳೆಗೆ ಅಂಟಿಕೊಂಡ ಎರಡು ಹಿಡಿ ಮಾಂಸ ಚೆಲ್ಲುವ ವಸ್ತುವಲ್ಲ. ನನ್ನ ವಾದ ಇಷ್ಟೆ: ಉಳಿದ ಊಟದ ಹಣೆಬರಹ ನಿಶ್ಚಯವಾಗುವುದು ಬೆಳಗ್ಗೆ ಅಲ್ಲ, ರಾತ್ರಿ ಎಲೆ ಎತ್ತಿದ ಕೂಡಲೇ.

ಎಲೆ ಎತ್ತಿದ ಮೇಲೆ ಕೈ ತೊಳೆದು ಕೋಳಿಯ ಮಾಂಸವನ್ನು ಮೂಳೆಯಿಂದ ಬಿಡಿಸಿ ಎಳೆ ಎಳೆಯಾಗಿ ಸೀಳಿಡಿ. ಬಡಿಸುವ ಮುಂಚೆಯೇ ಎತ್ತಿಟ್ಟ ಭಾಗವಾಗಿರಲಿ, ತಟ್ಟೆಯಲ್ಲಿ ಕಚ್ಚಿ ಬಿಟ್ಟದ್ದಲ್ಲ. ಸುಟ್ಟು ಕಪ್ಪಾದ ಚರ್ಮ ಬೇಡ, ಸೂಪು ಕಹಿಯಾಗುತ್ತದೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಆರಿದ ಕೂಡಲೇ ಮಾಂಸ, ಮೂಳೆ, ಅನ್ನ ಮೂರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿ. ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಆಸೆ ಬಿಡಬೇಕು. ಅನ್ನವನ್ನು ಮಾರನೆಯ ದಿನವೇ ಮುಗಿಸಿ. ಫ್ರಿಜ್ಜಿಲ್ಲದ ಮನೆಯವರು ಇಡುವ ಯೋಚನೆಯನ್ನೇ ಬಿಟ್ಟು, ಆ ರಾತ್ರಿಯೇ ಸೂಪು ಮಾಡಿ ಮಲಗುವ ಮುಂಚೆ ಒಂದೊಂದು ಲೋಟ ಕುಡಿಯುವುದು ಲೇಸು.

ಮಾರನೆಯ ದಿನದ ಕೆಲಸ ಹೆಚ್ಚಿಲ್ಲ. ಅರ್ಧ ಕೋಳಿಯ ಮೂಳೆಗೆ ಆರು ಲೋಟ ನೀರು, ಒಂದು ಈರುಳ್ಳಿ, ಬೆರಳುದ್ದ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಹತ್ತು ಕಾಳು ಮೆಣಸು. ಫಾರಂ ಕೋಳಿಯ ಮೂಳೆಯಾದರೆ ಕುಕ್ಕರಿನಲ್ಲಿ ನಾಲ್ಕು ಕೂಗು ಸಾಕು. ನಾಟಿ ಕೋಳಿ, ಅಥವಾ ಮೊಟ್ಟೆ ನಿಲ್ಲಿಸಿದ ಲೇಯರ್ ಕೋಳಿಯಾದರೆ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಬೇಕು. ಈ ಲೇಯರ್ ಕೋಳಿಯ ಬಗ್ಗೆ ಒಂದು ಮಾತು: ಸುಡುವುದಕ್ಕೆ ಅದು ಗಟ್ಟಿ, ಆದ್ದರಿಂದಲೇ ಅಗ್ಗ, ಸೂಪಿಗೆ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಬೆಂದ ನೀರನ್ನು ಸೋಸಿ, ಚೂರು ಮೂಳೆಯೂ ಉಳಿಯದಂತೆ ನೋಡಿಕೊಳ್ಳಿ. ಸೋಸಿದ ನೀರಿಗೆ ಒಂದೂವರೆ ಬಟ್ಟಲು ಅನ್ನ ಹಾಕಿ ಹದಿನೈದು ನಿಮಿಷ ಕುದಿಸಿ. ತಣ್ಣಗಿದ್ದು ಗಟ್ಟಿಯಾಗಿದ್ದ ಅಗುಳು ಮತ್ತೆ ಅರಳಿ, ಒಡೆದು, ಒಳಗಿನ ಪಿಷ್ಟ ನೀರಿಗೆ ಬಿಡುತ್ತದೆ. ಕಡಗೋಲಿನಲ್ಲಿ ಚೆನ್ನಾಗಿ ಕಡೆದರೆ ಕೆನೆಯಂತೆ ನುಣ್ಣಗಾಗುತ್ತದೆ. ಹೋಟೆಲಿನವರು ಮೆಕ್ಕೆಜೋಳದ ಹಿಟ್ಟೋ ಮೈದಾವೋ ಹಾಕಿ ಮಂದ ಮಾಡುವುದನ್ನು ಇಲ್ಲಿ ಅನ್ನವೇ ಮಾಡುತ್ತದೆ. ಈಗ ಸೀಳಿದ ಮಾಂಸ ಹಾಕಿ ಕುದಿ ಬರಿಸಿ. ಉರಿ ತಗ್ಗಿಸಿ, ಕಾಯಿಸಿದ ಒಂದು ಲೋಟ ಹಾಲನ್ನು ಕೊನೆಗೆ ಸೇರಿಸಿ. ಮೊಸರು, ನಿಂಬೆರಸ ಸವರಿ ಸುಟ್ಟ ತಂದೂರಿ ಕೋಳಿಯಾದರೆ ಹಾಲು ಒಡೆಯುವ ಭಯವಿದೆ. ಅಂಥದಕ್ಕೆ ಹಾಲು ಬಿಟ್ಟು ಒಂದು ಚಮಚ ಬೆಣ್ಣೆ ಹಾಕಿದರಾಯಿತು. ಉಪ್ಪು ಎಲ್ಲಕ್ಕಿಂತ ಕೊನೆಗೆ, ರುಚಿ ನೋಡಿಯೇ; ಸುಟ್ಟ ಕೋಳಿಯಲ್ಲಿ ಅದಾಗಲೇ ಸಾಕಷ್ಟಿರುತ್ತದೆ. ಇದು ಐದು ಜನರಿಗೆ ಆಗುತ್ತದೆ. ಮತ್ತೆ ಉಳಿದರೆ ಮೂರನೆಯ ಸಲ ಕಾಯಿಸಬೇಡಿ.

ಮೂಳೆ ಸೂಪು ಕುಡಿದರೆ ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾಲು ಮುರಿದವರಿಗೆ, ಬಾಣಂತಿಯರಿಗೆ ಇದನ್ನೇ ಕೊಡುತ್ತೇವೆ. ಬಿಸಿಯಾಗಿ ಗಂಟಲಿಗೆ ಹಿತ, ಬಾಯಿಗೆ ರುಚಿ, ಹಸಿವು ಹುಟ್ಟಿಸುತ್ತದೆ, ಇವೆಲ್ಲ ನಿಜ. ಆದರೆ ಮೂಳೆಯ ಸುಣ್ಣದಂಶ ನೀರಿಗೆ ಇಳಿಯುವುದು ಬಹಳ ಸ್ವಲ್ಪ. ಆರಿದಾಗ ಸಾರು ಲೋಳೆಯಂತೆ ಗಟ್ಟಿಯಾಗುವುದು ಜೆಲಾಟಿನ್‌ನಿಂದ. ಅದು ಸಸಾರಜನಕವೇ ಆದರೂ ದೇಹಕ್ಕೆ ಅವಶ್ಯವಾದ ಟ್ರಿಪ್ಟೊಫೇನ್ ಅದರಲ್ಲಿಲ್ಲ. ಆದ್ದರಿಂದ ತಿಳಿನೀರನ್ನು ರೋಗಿಗೆ ಕೊಟ್ಟು ಮಾಂಸವನ್ನು ಬೇರೆಯವರು ತಿನ್ನುವುದು ತಿರುಗುಮುರುಗು. ಸುಣ್ಣದಂಶ ಬೇಕಾದವರು ನಮ್ಮ ರಾಗಿಯ ಕಡೆ ನೋಡಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲಿದೆ. ಅರ್ಧ ಅನ್ನ ಕಡಿಮೆ ಮಾಡಿ, ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಈ ಸೂಪಿಗೆ ಹಾಕಿ ಕುದಿಸಿ ನೋಡಿ. ಬಣ್ಣ ಬಿಳಿಯಿರುವುದಿಲ್ಲ. ರುಚಿ ನನಗಂತೂ ಇದೇ ಹೆಚ್ಚು.

ಸೂಪು ನಮ್ಮದಲ್ಲ, ದೊರೆಗಳದ್ದು ಎಂದು ಮೂಗು ಮುರಿಯುವವರಿಗೆ ವೈಟ್‌ಫೀಲ್ಡಿನ ಕಥೆ ಹೇಳಬೇಕು. ಈಗ ಗಾಜಿನ ಕಟ್ಟಡಗಳಿರುವ ಆ ಊರು 1882ರಲ್ಲಿ ಹುಟ್ಟಿದ್ದೇ ಬೇಸಾಯಕ್ಕಾಗಿ; ಮೈಸೂರು ಮಹಾರಾಜ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಲೆಂದು ಕಟ್ಟಿದ ರೈತರ ಹಳ್ಳಿ ಅದು. ಅವರ ಅಡುಗೆಯಲ್ಲಿ ಹಿಂದಿನ ದಿನದ ಹುರಿದ ಮಾಂಸ ಮಾರನೆಯ ದಿನ ಈರುಳ್ಳಿ ಮೆಣಸಿನಕಾಯಿ ಸೇರಿ ಜಾಲ್ಫ್ರೇಜಿಯಾಗುತ್ತಿತ್ತು. ಬ್ರಿಟಿಷರು ಇಲ್ಲಿಂದ ಕೊಂಡೊಯ್ದ ಮಲ್ಲಿಗಾಟಾನಿ ಸೂಪು ಬೇರೇನೂ ಅಲ್ಲ, ತಮಿಳರ ಮೆಣಸಿನ ನೀರು. ನಮ್ಮ ಮೆಣಸಿನ ಸಾರಿನ ಅಣ್ಣತಮ್ಮ. ಅದಕ್ಕೆ ಕೋಳಿ ಸೇರಿಸಿ, ಅನ್ನದೊಡನೆ ಕುಡಿದು ತಮ್ಮದೆಂದರು.

ಇನ್ನು ಗಂಡಸರು ಹಾಳೆ ತಿರುವಬಾರದೆಂದ ಕಾರಣ. ಹಳ್ಳಿಯ ಮನೆಯಲ್ಲಿ ಕೊನೆಗೆ ಉಣ್ಣುವವಳು ಸೊಸೆ. ಮೊದಲು ಗಂಡಸರು, ಆಮೇಲೆ ಮಕ್ಕಳು, ಅತ್ತೆ. ಅವಳ ತಟ್ಟೆಗೆ ಬರುವುದು ಕುತ್ತಿಗೆ, ಬೆನ್ನು, ತಳದ ಸಾರು. ಗರ್ಭಿಣಿಯಾದರೂ ಹೀಗೆಯೇ. ಈ ಸೂಪಿನಲ್ಲಿ ಮಾಂಸ ಎಳೆಯಾಗಿ ಎಲ್ಲೆಡೆ ಬೆರೆತಿರುವುದರಿಂದ ತೊಡೆ ಯಾರಿಗೆ, ಕುತ್ತಿಗೆ ಯಾರಿಗೆ ಎಂಬ ಲೆಕ್ಕ ನಡೆಯುವುದಿಲ್ಲ. ಸೌಟಿಗೆ ಬಂದಷ್ಟು ಎಲ್ಲರಿಗೂ. ನಾನು ಇದನ್ನು ಇಷ್ಟು ಹಟ ಹಿಡಿದು ಹೇಳುತ್ತಿರುವುದು ಮುಖ್ಯವಾಗಿ ಇದಕ್ಕೇ.

ಆದರೆ ರಾತ್ರಿ ಹತ್ತು ಗಂಟೆಗೆ, ಹಾಲು ಕರೆದು, ಅಡುಗೆ ಮಾಡಿ, ಬಡಿಸಿ, ಕೊನೆಗೆ ಉಂಡವಳೇ ಮತ್ತೆ ಕೂತು ಮಾಂಸ ಬಿಡಿಸಿ ಅನ್ನ ಹರಡಬೇಕೆಂದರೆ ಅದು ನಡೆಯುವ ಮಾತಲ್ಲ. ನನ್ನ ಮನೆಯಲ್ಲಿ ಅಂದು ಆದದ್ದೂ ಅದೇ. ಸುಸ್ತಾಗಿ ಮುಚ್ಚಳ ಹಾಕಿದ್ದೆ. ಕೋಳಿ ಕಟ್ಟಿಸಿಕೊಂಡು ಬಂದವನಿಗೆ ಅದನ್ನು ಬಿಡಿಸಲೂ ಬರುತ್ತದೆ. ಅವಳು ಉಣ್ಣುವ ಹತ್ತು ನಿಮಿಷದಲ್ಲಿ ಆ ಕೆಲಸ ಮುಗಿಯುತ್ತದೆ. ಈಗ ನಮ್ಮ ಮನೆಯಲ್ಲಿ ಯಜಮಾನರೇ ಮಾಡುತ್ತಾರೆ. ಮೊದಲ ದಿನ ಅತ್ತೆಯವರು ಒಂದು ಮಾತು ಅಂದರು, ಎರಡನೆಯ ಸಲ ಸುಮ್ಮನಾದರು. ಅನ್ನಕ್ಕೆ ಅಳತೆಯ ಪಾವನ್ನೂ ಒಂದು ಕಡಿಮೆ ಮಾಡಿದ್ದೇವೆ.

ಸೋಸಿ ಉಳಿದ ಮೂಳೆಯನ್ನು ನಾಯಿಗೆ ಹಾಕುವುದು ವಾಡಿಕೆ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ನಾಯಿಯ ಗಂಟಲು, ಕರುಳು ಚುಚ್ಚುತ್ತದೆ. ರಾತ್ರಿ ಹೊತ್ತು ಚೀಲ ಕಟ್ಟಿ ಕೆರೆಯಂಚಿಗೆ ಎಸೆದು ಬರುವವರೂ ಇದ್ದಾರೆ. ವರ್ತೂರು, ಬೆಳ್ಳಂದೂರು ಕೆರೆಗಳು ನೊರೆ ಉಕ್ಕಿದ್ದನ್ನು ನೋಡಿದ ಮೇಲೂ. ಹಿತ್ತಲಲ್ಲಿ ತೆಂಗಿನ ಮರವಿದ್ದರೆ ಬುಡದಿಂದ ಮೂರಡಿ ದೂರ, ನಾಯಿ ಕೆದರದಷ್ಟು ಆಳಕ್ಕೆ, ಎರಡಡಿಯಾದರೂ ಗುಂಡಿ ತೆಗೆದು ಹೂತುಬಿಡಿ. ಮೂಳೆಯ ರಂಜಕ ನಿಧಾನವಾಗಿ ಬೇರಿಗೆ ಸೇರುತ್ತದೆ.